ಹೊಸ ಒಡಂಬಡಿಕೆಗೆ ಮೊದಲ ಕೈಪಿಡಿ

ಕೆಲವು ವರ್ಷಗಳ ಹಿಂದೆ ನಾನು ಒಬ್ಬ ವಿದ್ಯಾರ್ಥಿಗೆ ಒಂದು ಪುಸ್ತಕವನ್ನು ಕೊಟ್ಟು ತಪ್ಪು ಮಾಡಿದೆ. ಪುಸ್ತಕವೇನೂ ಕೆಟ್ಟದ್ದಲ್ಲ, ಕೊಟ್ಟ ರೀತಿ ಸರಿಯಾಗಿರಲಿಲ್ಲ. ಆ ತಪ್ಪಿನಿಂದಲೇ ಈ ಮಾತನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ.

ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವನಿಗೆ ಬೈಬಲ್ಲಿನ ಪರಿಚಯವಿಲ್ಲದೆ ನಡೆಯದು. ನಾನು ಕ್ರೈಸ್ತನಲ್ಲ, ಮಿಲ್ಟನ್ ಕವಿಯ ಕೈ ಹಿಡಿದು ಆ ಗ್ರಂಥದ ಬಾಗಿಲಿಗೆ ಬಂದವನು. ಹಾಗೆ ಮಿಲ್ಟನ್ನನನ್ನು ಓದಿಸುತ್ತಿದ್ದ ಒಂದು ವರ್ಷ ತರಗತಿಯ ಹುಡುಗನೊಬ್ಬ ಮನೆಗೆ ಬಂದು, "ಸಾರ್, ಸತ್ಯವೇದವನ್ನು ಕ್ರಮವಾಗಿ ಅಭ್ಯಾಸ ಮಾಡಬೇಕೆಂದಿದ್ದೇನೆ. ಮೊದಲು ಯಾವ ಪುಸ್ತಕ ಓದಲಿ?" ಎಂದು ಕೇಳಿದ. ಅವನು ನಮ್ಮೂರ ಸಭಾಪಾಲಕರ ಮಗ. ಹುಟ್ಟಿದಂದಿನಿಂದ ಆ ಗ್ರಂಥದ ವಾಕ್ಯಗಳು ಕಿವಿಗೆ ಬಿದ್ದೇ ಬೆಳೆದವನು. ಇವನಿಗೆ ಪರಿಚಯದ ಅಗತ್ಯವೇನಿದ್ದೀತು, ವಿಮರ್ಶೆಯೇ ಆಗಬೇಕು ಎಂದುಕೊಂಡು, ಅಮೆರಿಕದ ವಿದ್ವಾಂಸ ಬಾರ್ಟ್ ಎರ್ಮನ್ ಬರೆದಿರುವ ಹೊಸ ಒಡಂಬಡಿಕೆಯ ಐತಿಹಾಸಿಕ ಪ್ರವೇಶಿಕೆಯನ್ನು ಕಪಾಟಿನಿಂದ ತೆಗೆದು ಅವನ ಕೈಯಲ್ಲಿಟ್ಟೆ. ಒಂದು ಮಾತನ್ನೂ ಹೇಳಲಿಲ್ಲ.

ಒಂದು ತಿಂಗಳಾದ ಮೇಲೆ ಪುಸ್ತಕ ಹಿಂದಕ್ಕೆ ಬಂತು. "ಓದಿದೆ ಸಾರ್. ಬಹಳ ಚೆನ್ನಾಗಿದೆ. ಆದರೆ ಈಗ ಸತ್ಯವೇದ ತೆರೆದರೆ ಅಕ್ಷರ ಕಾಣುತ್ತದೆ, ಮಾತು ಕೇಳಿಸುವುದಿಲ್ಲ" ಎಂದ. ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಕುಳಿತುಕೊಳ್ಳುವುದನ್ನು ಬಿಟ್ಟಿದ್ದನಂತೆ. ಮುಂದಿನ ವಾರ ಅವನ ತಂದೆಯೇ ಬಂದರು. ಜಗಳಕ್ಕೆ ಬಂದರೆಂದೇ ನಾನು ಭಾವಿಸಿದೆ. ಅವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಶಾಂತವಾಗಿಯೇ ಕೇಳಿದರು: "ಮೇಷ್ಟ್ರೇ, ಆ ಪುಸ್ತಕವನ್ನು ನಾನೂ ತಿರುವಿ ನೋಡಿದೆ. ಅದರಲ್ಲಿರುವ ಬಹುಪಾಲು ವಿಷಯ ನಾವು ದೈವಶಾಸ್ತ್ರದ ಕಾಲೇಜಿನಲ್ಲಿ ಓದಿದ್ದೇ. ನಾನು ಕೇಳುವುದು ಇಷ್ಟೇ. ಇದನ್ನು ಕೊಡುವುದಕ್ಕೆ ಮುಂಚೆ ಮಾರ್ಕನ ಸುವಾರ್ತೆಯನ್ನು ಒಂದು ಸಲವಾದರೂ ಮೊದಲಿನಿಂದ ಕೊನೆಯವರೆಗೆ ಅವನಿಂದ ಓದಿಸಿದಿರಾ?"

ಓದಿಸಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಓದಿಸಲಿಲ್ಲ. ದಿನಕ್ಕೊಂದು ತುಣುಕು ಓದಿಸಿದ್ದೇನೆ. ಇಡಿಯಾಗಿ ಓದಿಸಿಲ್ಲ" ಎಂದರು.

ಆ ಸಂಜೆಯ ಫಲವಾಗಿ ನಾವಿಬ್ಬರೂ ಒಂದು ಕೆಲಸಕ್ಕೆ ಕೈ ಹಾಕಿದೆವು. ಮೊದಲ ಸಲ ಬೈಬಲ್ಲನ್ನು, ಅದರಲ್ಲಿಯೂ ಹೊಸ ಒಡಂಬಡಿಕೆಯನ್ನು, ಅಭ್ಯಾಸ ಮಾಡಹೊರಟವನ ಕೈಗೆ ಯಾವ ಪ್ರವೇಶಿಕೆಯನ್ನು ಕೊಡಬೇಕು? ಕೆಲವು ಬುಧವಾರಗಳ ಸಂಜೆ ನಾಲ್ಕು ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಪ್ರವೇಶಿಕೆಯಾದರೂ ಏಕೆ ಬೇಕು, ನೇರವಾಗಿ ಗ್ರಂಥವನ್ನೇ ಓದಬಾರದೇ ಎಂದು ಕೆಲವರು ಕೇಳಬಹುದು. ಓದಲೇಬೇಕು. ಆದರೆ ಹೊಸ ಒಡಂಬಡಿಕೆ ಒಂದು ಪುಸ್ತಕವಲ್ಲ, ೨೭ ಬರಹಗಳ ಒಂದು ಕಟ್ಟು. ಮೂಲ ಗ್ರೀಕ್ ಭಾಷೆಯದು. ಈಗಿನ ೨೭ ಬರಹಗಳನ್ನೇ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಹೆಸರಿಸುವ ಮೊದಲ ಪಟ್ಟಿ ನಮಗೆ ದೊರೆಯುವುದು ಅಲೆಕ್ಸಾಂಡ್ರಿಯದ ಅಥನೇಷಿಯಸ್ ಕ್ರಿ.ಶ. ೩೬೭ರಲ್ಲಿ ಬರೆದ ಕಾಗದದಲ್ಲಿ. ಬರಹಗಳನ್ನು ಜೋಡಿಸಿರುವ ಕ್ರಮವೂ ಕಾಲಾನುಕ್ರಮವಲ್ಲ. ಮೊದಲು ಬರುವ ಮತ್ತಾಯನ ಸುವಾರ್ತೆಗಿಂತ, ಬಹಳ ಹಿಂದೆ ಇಟ್ಟಿರುವ ಪೌಲನ ಕಾಗದಗಳು ಹಳೆಯವು. ಥೆಸಲೋನಿಕದವರಿಗೆ ಅವನು ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. ೫೦ರದು, ಸುವಾರ್ತೆಗಳಲ್ಲಿ ಅತ್ಯಂತ ಹಳೆಯದೆಂದು ಬಹುಮಂದಿ ವಿದ್ವಾಂಸರು ಒಪ್ಪುವ ಮಾರ್ಕನದು ಸುಮಾರು ೭೦ರದು. ಇಷ್ಟನ್ನು ಹೇಳುವವರಿಲ್ಲದೆ ಓದಲು ಕುಳಿತವನು, ಕಾಗದಗಳೆಲ್ಲ ಸುವಾರ್ತೆಗಳಿಗೆ ಬರೆದ ವ್ಯಾಖ್ಯಾನವೆಂದು ತಿಳಿದರೆ ಆಶ್ಚರ್ಯವಿಲ್ಲ.

ಇಂಥ ಪ್ರವೇಶಗ್ರಂಥಗಳಿಗೆ ಮುನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಫ್ರಾನ್ಸಿನ ರಿಷಾರ್ ಸಿಮೋನ್ ಎಂಬ ಪಾದ್ರಿ ೧೬೭೮ರಲ್ಲಿ ಹಳೆಯ ಒಡಂಬಡಿಕೆಯ ವಿಮರ್ಶಾತ್ಮಕ ಚರಿತ್ರೆಯನ್ನು ಅಚ್ಚು ಹಾಕಿಸಿದ. ಅಚ್ಚಾದ ಪ್ರತಿಗಳಲ್ಲಿ ಬಹುಪಾಲನ್ನು ನಾಶ ಮಾಡಿಸಿ ಅವನನ್ನು ಅವನ ಸಂಘದಿಂದ ಹೊರಗೆ ಹಾಕಿದರು. ಮುಂದೆ ಈ ವಿದ್ಯೆ ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಹೋಗಿ ಬೆಳೆಯಿತು. ಗಟಿಂಗೆನ್ನಿನ ಮಿಖಾಯೆಲಿಸ್ ೧೭೫೦ರಲ್ಲಿ ಪ್ರಕಟಿಸಿದ ಹೊಸ ಒಡಂಬಡಿಕೆಯ ಪ್ರವೇಶಿಕೆ ಈ ಜಾತಿಗೆ ಒಂದು ಮಾದರಿಯಾಯಿತು. ಯಾರು ಬರೆದರು, ಯಾವಾಗ ಬರೆದರು, ಎಲ್ಲಿ, ಯಾರಿಗಾಗಿ, ಯಾವ ಆಕರಗಳಿಂದ ಎಂದು ಒಂದೊಂದು ಬರಹಕ್ಕೂ ಕೇಳಿ ಉತ್ತರಿಸುವುದು ಇದರ ಕ್ರಮ. ಇಪ್ಪತ್ತನೆಯ ಶತಮಾನದಲ್ಲಿ ಕ್ಯುಮೆಲ್ ಬರೆದ ಪ್ರವೇಶಿಕೆಯವರೆಗೂ ಈ ಕ್ರಮ ಹೆಚ್ಚು ಬದಲಾಗಲಿಲ್ಲ. ಕ್ಯುಮೆಲ್ಲನ ವಿದ್ವತ್ತು ಅಗಾಧವಾದುದು. ಆದರೆ ಹೊಸಬನಿಗೆ ಅದನ್ನು ಕೊಡುವುದು ಹಸಿದವನಿಗೆ ಅಡಿಗೆಮನೆಯ ಸಾಮಾನಿನ ಪಟ್ಟಿಯನ್ನು ಓದಿ ಹೇಳಿದಂತೆ.

ನಮ್ಮ ಮೇಜಿನ ಮೇಲಿದ್ದ ನಾಲ್ಕು ಪುಸ್ತಕಗಳು ಇವು. ಮೊದಲನೆಯದು ಎರ್ಮನ್ನರದು, ಮೊದಲ ಮುದ್ರಣ ೧೯೯೭. ಎರಡನೆಯದು ಅದೇ ೧೯೯೭ರಲ್ಲಿ ಹೊರಬಂದ, ಕ್ಯಾಥೊಲಿಕ್ ಪಾದ್ರಿ ರೇಮಂಡ್ ಬ್ರೌನರ ಪ್ರವೇಶಿಕೆ. ಮೂರನೆಯದು ಲ್ಯೂಕ್ ಟಿಮೊಥಿ ಜಾನ್ಸನ್ನರು ೧೯೮೬ರಲ್ಲಿ ಬರೆದದ್ದು. ಇವರೂ ಕ್ಯಾಥೊಲಿಕರು, ಹಿಂದೆ ಬೆನೆಡಿಕ್ಟೀನ್ ಮಠದಲ್ಲಿದ್ದವರು. ನಾಲ್ಕನೆಯದು ಕಾರ್ಸನ್, ಮೂ ಮತ್ತು ಮಾರಿಸ್ ಎಂಬ ಮೂವರು ೧೯೯೨ರಲ್ಲಿ ಸೇರಿ ಬರೆದದ್ದು. ಶಾಸ್ತ್ರದ ಪ್ರಾಮಾಣ್ಯವನ್ನು ದೃಢವಾಗಿ ನಂಬುವ ಇವ್ಯಾಂಜೆಲಿಕಲ್ ಪಂಥದವರ ಕೃತಿ. ಕೊನೆಯ ಎರಡು ಸಭಾಪಾಲಕರ ಸ್ವಂತ ಪ್ರತಿಗಳು. ಬ್ರೌನರದನ್ನು ಅವರು ತಾವು ಓದಿದ ಕಾಲೇಜಿನಿಂದ ಎರವಲು ತಂದಿದ್ದರು.

ಸಾಮಾನ್ಯವಾಗಿ ಜನ ಪುಸ್ತಕವನ್ನು ಆರಿಸುವುದು ಅದರ ನಿರ್ಣಯಗಳನ್ನು ನೋಡಿ. ನಂಬುವವನು ತನ್ನ ನಂಬಿಕೆಯನ್ನು ಕದಲಿಸದ ಪುಸ್ತಕವನ್ನು ಹುಡುಕುತ್ತಾನೆ. ನಂಬದವನು ಕದಲಿಸುವ ಪುಸ್ತಕವನ್ನು. ನಾವು ಬೇರೆ ದಾರಿ ಹಿಡಿದೆವು. ಗ್ರಂಥದ ಮೂರು ಸ್ಥಳಗಳನ್ನು ಗೊತ್ತುಮಾಡಿಕೊಂಡು, ಆ ಸ್ಥಳಗಳಲ್ಲಿ ಈ ನಾಲ್ವರು ಓದುಗನನ್ನು ಹೇಗೆ ನಡೆಸಿಕೊಂಡು ಹೋಗುತ್ತಾರೆಂದು ನೋಡಿದೆವು.

ಮೊದಲನೆಯ ಸ್ಥಳ ಯೆರಿಕೋವಿನ ಕುರುಡನ ಕಥೆ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಯೇಸು ಯೆರಿಕೋ ಊರನ್ನು ಬಿಟ್ಟು ಹೊರಡುವಾಗ ದಾರಿಯ ಮಗ್ಗುಲಲ್ಲಿ ಬಾರ್ತಿಮಾಯನೆಂಬ ಕುರುಡ ಭಿಕ್ಷುಕ ಕೂಗುತ್ತಾನೆ. ಮತ್ತಾಯನ ಇಪ್ಪತ್ತನೆಯ ಅಧ್ಯಾಯದಲ್ಲಿಯೂ ಊರನ್ನು ಬಿಡುವಾಗಲೇ ಇದು ನಡೆಯುತ್ತದೆ. ಆದರೆ ಕುರುಡರು ಇಬ್ಬರು, ಹೆಸರಿಲ್ಲ. ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ಕುರುಡ ಒಬ್ಬನೇ; ಆದರೆ ಯೇಸು ಊರನ್ನು ಬಿಡುತ್ತಿಲ್ಲ, ಸಮೀಪಿಸುತ್ತಿದ್ದಾನೆ. ಮೂರು ಸುವಾರ್ತೆಗಳನ್ನು ಪಕ್ಕಪಕ್ಕದ ಅಂಕಣಗಳಲ್ಲಿಟ್ಟು ಓದಿದಾಗಲೇ ಇದು ಕಣ್ಣಿಗೆ ಬೀಳುವುದು. ಬಿದ್ದ ಮೇಲೆ ಏನು ಮಾಡಬೇಕು? ಒಂದು ಬಗೆಯ ಪುಸ್ತಕ, ಹಳೆಯ ಯೆರಿಕೋ ಒಂದಿತ್ತು ಹೊಸ ಯೆರಿಕೋ ಒಂದಿತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ಸೇರುವಾಗ ಇದು ನಡೆಯಿತು ಎಂದು ಗಂಟನ್ನು ಬಿಡಿಸಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಬಗೆಯದು, ನೋಡಿ, ಇವರ ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಗೆರೆ ಎಳೆದು ಅದೂ ಮುಂದಕ್ಕೆ ಹೋಗುತ್ತದೆ. ಕಥೆಯ ಹತ್ತಿರ ನಿಲ್ಲುವವರು ಎರಡು ಪಕ್ಷದಲ್ಲಿಯೂ ಇಲ್ಲ.

ನಿಂತು ನೋಡಿದರೆ ಅಲ್ಲಿ ಎಷ್ಟೊಂದು ಇದೆ! ಲೂಕನಲ್ಲಿ ಈ ಕಥೆಯ ಬೆನ್ನಿಗೇ ಜಕ್ಕಾಯನ ಕಥೆ ಬರುತ್ತದೆ. ಸುಂಕದವರ ಮುಖ್ಯಸ್ಥನಾದ ಆ ಗಿಡ್ಡ ಮನುಷ್ಯ ಯೇಸುವನ್ನು ಕಾಣಲು ಮರ ಹತ್ತುವುದು ಯೆರಿಕೋವಿನ ಒಳಗೆ. ಆ ಕಥೆಗೆ ಎಡೆ ಮಾಡಿಕೊಡಲೆಂದೇ ಲೂಕನು ಕುರುಡನನ್ನು ಊರಿನ ಮುಂಬಾಗಿಲಿಗೆ ತಂದಿರಬಹುದೆಂದು ಕೆಲವರ ಊಹೆ. ಮಾರ್ಕನಲ್ಲಿಯಾದರೋ ಕುರುಡನ ಕಥೆಗೆ ತುಸು ಮುಂಚೆ, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಬಂದು ತಮಗೆ ಗುರುವಿನ ಎಡಬಲಗಳಲ್ಲಿ ಪೀಠ ಬೇಕೆಂದು ಕೇಳುತ್ತಾರೆ. ನನ್ನಿಂದ ನಿಮಗೆ ಏನಾಗಬೇಕು ಎಂದು ಯೇಸು ಅವರನ್ನು ಕೇಳುವ ಪ್ರಶ್ನೆಯೂ, ಕುರುಡನನ್ನು ಕೇಳುವ ಪ್ರಶ್ನೆಯೂ ಒಂದೇ. ಕಣ್ಣಿದ್ದ ಶಿಷ್ಯರು ಪದವಿ ಕೇಳಿದರು. ಕಣ್ಣಿಲ್ಲದವನು ನೋಟ ಕೇಳಿದ. ಇದರ ಹಿಂದೆ, ಎಂಟನೆಯ ಅಧ್ಯಾಯದಲ್ಲಿ, ಇನ್ನೊಬ್ಬ ಕುರುಡನಿಗೆ ಒಂದೇ ಸಲಕ್ಕೆ ಅಲ್ಲ, ಎರಡು ಸಲಕ್ಕೆ ದೃಷ್ಟಿ ಬರುತ್ತದೆ. ಆ ಕುರುಡನಿಗೂ ಈ ಕುರುಡನಿಗೂ ನಡುವೆ ಶಿಷ್ಯರು ಮತ್ತೆ ಮತ್ತೆ ಗುರುವನ್ನು ತಪ್ಪಾಗಿ ತಿಳಿಯುವ ಪ್ರಸಂಗಗಳನ್ನೇ ಮಾರ್ಕ ಪೋಣಿಸಿದ್ದಾನೆ. ವ್ಯತ್ಯಾಸವನ್ನು ಮುಚ್ಚುವವನಿಗೂ ಅದನ್ನು ಕಂಡು ಹಿಗ್ಗುವವನಿಗೂ ಈ ಕಟ್ಟಡ ಕಾಣಿಸುವುದಿಲ್ಲ.

ಈ ಪರೀಕ್ಷೆಯಲ್ಲಿ ಬ್ರೌನರ ಪುಸ್ತಕ ನಮಗೆ ಮೇಲಾಗಿ ಕಂಡಿತು. ಅದಕ್ಕೆ ಕಾರಣ ಅದರ ರಚನೆ. ಒಂದೊಂದು ಬರಹಕ್ಕೂ ಮೊದಲು ಆ ಬರಹದ ಜಾಡನ್ನೇ ಹಿಡಿದು, ಗ್ರಂಥ ಎದುರಿಗಿದೆಯೆಂದು ಭಾವಿಸಿ, ಭಾಗಭಾಗವಾಗಿ ನಡೆಸಿಕೊಂಡು ಹೋಗುತ್ತಾರೆ. ಆಕರ, ಕರ್ತೃ, ಸ್ಥಳ, ಕಾಲಗಳ ಚರ್ಚೆ ಅನಂತರ. ಮಿಖಾಯೆಲಿಸನ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ ಎನ್ನಬಹುದು. ಎರ್ಮನ್ನರ ಗುಣ ಬೇರೆ. ಅವರು ಹುಟ್ಟಾ ಅಧ್ಯಾಪಕರು. ಸುವಾರ್ತೆಗಳಿಗೆಲ್ಲ ಒಂದೇ ಅಳತೆಗೋಲು ಹಿಡಿಯದೆ, ಮಾರ್ಕನನ್ನು ಪ್ರಾಚೀನ ಜೀವನಚರಿತ್ರೆಯ ಪ್ರಕಾರವಾಗಿ, ಮತ್ತಾಯನನ್ನು ಅವನು ಆಕರದಲ್ಲಿ ಮಾಡಿದ ಮಾರ್ಪಾಟುಗಳ ಮೂಲಕ, ಲೂಕನನ್ನು ತುಲನೆಯಿಂದ ಓದಿಸಿ, ವಿಧಾನವೆಂದರೇನೆಂಬುದನ್ನೇ ಕಲಿಸುತ್ತಾರೆ. ಅವರ ಪುಸ್ತಕದ ಆರಂಭದಲ್ಲಿ ಅದ್ಭುತವಾಗಿ ಹುಟ್ಟಿ, ಶಿಷ್ಯರನ್ನು ಗಳಿಸಿ, ಪವಾಡಗಳನ್ನು ಮಾಡಿದ ಒಬ್ಬ ಮಹಾಪುರುಷನ ಕಥೆ ಬರುತ್ತದೆ. ಓದುಗ ಯೇಸುವೆಂದೇ ತಿಳಿದಿರುವಾಗ, ಆತ ತ್ಯಾನದ ಅಪೊಲೋನಿಯಸ್ ಎಂದು ತಿಳಿಸುತ್ತಾರೆ. ತರಗತಿಯಲ್ಲಿ ಇದು ಬಹಳ ಪರಿಣಾಮಕಾರಿ. ಮನೆಯಲ್ಲಿ ಒಬ್ಬನೇ ಕುಳಿತು ಓದುವ ಸಭಾಪಾಲಕರ ಮಗನಿಗೆ ಕಾಲ ಕೆಳಗಿನ ನೆಲ ಜಾರಿದಂತಾಗಿದ್ದರೆ, ಆಗ ಕೈ ಹಿಡಿಯಲು ಪಕ್ಕದಲ್ಲಿರಬೇಕಾಗಿದ್ದವನು ನಾನು.

ಎರಡನೆಯ ಸ್ಥಳ ಮಾರ್ಕನ ಕೊನೆ. ನಾಲ್ಕನೆಯ ಶತಮಾನದ ಎರಡು ಮಹಾ ಹಸ್ತಪ್ರತಿಗಳು, ವ್ಯಾಟಿಕನ್ ಗ್ರಂಥಾಲಯದಲ್ಲಿರುವುದು ಒಂದು, ಸೀನಾಯ್ ಬೆಟ್ಟದ ಮಠದಲ್ಲಿ ದೊರೆತದ್ದು ಇನ್ನೊಂದು, ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೇ ನಿಲ್ಲುತ್ತವೆ. ಬರಿದಾದ ಸಮಾಧಿಯನ್ನು ಕಂಡ ಹೆಂಗಸರು ನಡುಗುತ್ತ ಓಡಿಹೋಗುತ್ತಾರೆ. ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ. ಮುಂದಿನ ಹನ್ನೆರಡು ವಚನಗಳು ಅವುಗಳಲ್ಲಿಲ್ಲ. ಪ್ರಕ್ಷಿಪ್ತವೆಂಬ ಮಾತು ಕನ್ನಡ ಕಾವ್ಯಗಳನ್ನು ಓದಿದವರಿಗೆ ಹೊಸದಲ್ಲ. ನಾವು ಅದನ್ನು ಕೇಳಿ ಬೆಚ್ಚುವುದಿಲ್ಲ. ಆದರೆ ದಿನವೂ ಪೂಜ್ಯಭಾವದಿಂದ ಓದುವ ಪುಟದ ವಿಷಯದಲ್ಲಿ ಅದನ್ನು ಹೇಗೆ ಹೇಳಬೇಕೆಂಬುದು ಮುಖ್ಯ. ನಮ್ಮ ನಾಲ್ಕು ಪುಸ್ತಕಗಳೂ ಇದನ್ನು ಮರೆಮಾಚುವುದಿಲ್ಲ. ಇವ್ಯಾಂಜೆಲಿಕಲ್ ಲೇಖಕರೂ ಮರೆಮಾಚುವುದಿಲ್ಲವೆಂಬುದು ನನಗೆ ಸಂತೋಷದ ಸಂಗತಿ. ಸಭಾಪಾಲಕರು ಆಗ ಹೇಳಿದ ಮಾತು ನೆನಪಿದೆ: "ನಾನು ಈ ಎಂಟನೆಯ ವಚನಕ್ಕೆ ನಿಲ್ಲಿಸಿ ಒಮ್ಮೆ ಈಸ್ಟರ್ ದಿನ ಪ್ರಸಂಗ ಮಾಡಿದ್ದೆ ಮೇಷ್ಟ್ರೇ. ಜನ ಎದ್ದು ಹೋಗದೆ ಕೂತೇ ಇದ್ದರು, ಇನ್ನೂ ಇದೆ ಎಂದುಕೊಂಡು." ಮಾರ್ಕ ಬಯಸಿದ್ದೂ ಅದನ್ನೇ ಇರಬಹುದೇ ಎಂದು ನಾನು ಕೇಳಿದೆ. ಅವರು ನಕ್ಕರು.

ಮೂರನೆಯದು ಕರ್ತೃತ್ವದ ಪ್ರಶ್ನೆ. ಪೌಲನ ಹೆಸರನ್ನು ಹೊತ್ತ ಪತ್ರಗಳು ೧೩. ಅವುಗಳಲ್ಲಿ ಏಳು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚು ವಿವಾದವಿಲ್ಲ. ತಿಮೊಥೆಯನಿಗೆ ಬರೆದ ಎರಡು, ತೀತನಿಗೆ ಬರೆದ ಒಂದು, ಈ ಮೂರರ ವಿಷಯದಲ್ಲಿ ಜಗಳ ದೊಡ್ಡದು. ಶಬ್ದಸಂಪತ್ತು ಬೇರೆ; ಸಭೆಯ ಅಧಿಕಾರಿಗಳ ವ್ಯವಸ್ಥೆ ಮುಂದಿನ ಕಾಲದ್ದೆಂದು ತೋರುತ್ತದೆ; ಅವುಗಳಲ್ಲಿ ಹೇಳುವ ಪ್ರಯಾಣಗಳು ಅಪೊಸ್ತಲರ ಕೃತ್ಯಗಳ ಕಥನಕ್ಕೆ ಸುಲಭವಾಗಿ ಹೊಂದುವುದಿಲ್ಲ. ಆದ್ದರಿಂದ ಶಿಷ್ಯನೊಬ್ಬ ಗುರುವಿನ ಹೆಸರಿನಲ್ಲಿ ಬರೆದದ್ದೆಂದು ಬಹುಮತ. ಇಲ್ಲ, ಲಿಪಿಕಾರ ಬೇರೆಯಿದ್ದಿರಬಹುದು, ಸಭೆಗೆ ಬರೆಯುವ ಶೈಲಿ ಒಂದು, ಆಪ್ತನಿಗೆ ಬರೆಯುವ ಶೈಲಿ ಒಂದು ಎಂದು ಎದುರುವಾದ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಬಲ್ಲ ಕನ್ನಡಿಗರಿಗೆ ಇಂಥ ವಾದಗಳ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನಗೊಂದು ಅನಿರೀಕ್ಷಿತ ಕಂಡಿತು. ಕಾರ್ಸನ್ ಮತ್ತು ಸಂಗಡಿಗರು ಪತ್ರಗಳು ಪೌಲನವೇ ಎನ್ನುವುದು ಸಹಜ. ಆದರೆ ಜಾನ್ಸನ್ನರೂ, ಯಾವ ಪಂಥದ ಒತ್ತಾಯವೂ ಇಲ್ಲದೆ, ಆ ಕಡೆಗೇ ವಾಲುತ್ತಾರೆ. ಅವರಂತೆಯೇ ಕ್ಯಾಥೊಲಿಕರಾದ ಬ್ರೌನರು ಬಹುಮತದ ಕಡೆಗೆ. ಲೇಖಕನ ಮತ ಯಾವುದೆಂದು ತಿಳಿದ ಮಾತ್ರಕ್ಕೆ ಅವನ ನಿರ್ಣಯ ಯಾವುದೆಂದು ಊಹಿಸಲಾಗುವುದಿಲ್ಲ. ನಾವು ನೋಡಬೇಕಾದದ್ದು ಬೇರೆ: ತಾನು ಒಪ್ಪದ ಪಕ್ಷದ ವಾದವನ್ನು ಲೇಖಕ ಎಷ್ಟು ಬಲವಾಗಿ ಮಂಡಿಸುತ್ತಾನೆ? ಅಧ್ಯಾಯವನ್ನು ಮುಗಿಸಿದ ವಿದ್ಯಾರ್ಥಿ ಆ ಪಕ್ಷದ ವಕೀಲನಾಗಿ ಕಾಲು ಗಂಟೆ ವಾದಿಸಬಲ್ಲನೇ? ನಾವು ಹುಡುಗನನ್ನು ಕರೆದು ಕೂಡಿಸಿ ಈ ಪ್ರಯೋಗವನ್ನು ಮಾಡಿಯೇ ನೋಡಿದೆವು. ಬ್ರೌನರನ್ನು ಓದಿ ಅವನು ಎರಡೂ ಕಡೆ ವಾದಿಸಿದ. ಕಾರ್ಸನ್ನರನ್ನು ಓದಿಯೂ ವಾದಿಸಿದ. ಎದುರಾಳಿಯ ಮಾತನ್ನು ಅವರು ವಿಸ್ತಾರವಾಗಿಯೇ ಕೊಡುತ್ತಾರೆ, ತೀರ್ಪು ಮಾತ್ರ ಮೊದಲೇ ಬರೆದಿಟ್ಟಂತಿರುತ್ತದೆ ಎಂದು ಅವನ ಟೀಕೆ. ತಂದೆ ಅದಕ್ಕೆ ಏನೂ ಹೇಳಲಿಲ್ಲ.

ಈ ಮೂರು ಪರೀಕ್ಷೆಗಳಲ್ಲದೆ ಇನ್ನೂ ಒಂದನ್ನು ಸಭಾಪಾಲಕರು ಸೂಚಿಸಿದರು. ಸತ್ಯವೇದವನ್ನು ಮುಚ್ಚಿಟ್ಟು ಪ್ರವೇಶಿಕೆಯ ಒಂದು ಅಧ್ಯಾಯ ಓದಿ. ಎಲ್ಲಿಯೂ ತಡವರಿಸದೆ ಸುಖವಾಗಿ ಓದಿಸಿಕೊಂಡು ಹೋದರೆ ಆ ಪುಸ್ತಕದ ಬಗ್ಗೆ ಎಚ್ಚರವಿರಲಿ ಎಂದರು. ಪುಟಪುಟಕ್ಕೂ ಮೂಲವನ್ನು ತೆಗೆದು ನೋಡದೆ ಮುಂದಕ್ಕೆ ಹೋಗಲಾಗದಂತೆ ಕಾಡುವ ಪುಸ್ತಕವೇ ಹೊಸಬನಿಗೆ ತಕ್ಕದ್ದು. ಮೂಲವನ್ನು ಕನ್ನಡದಲ್ಲಿಯೇ ಓದಿ, ಪ್ರವೇಶಿಕೆಯನ್ನು ಇಂಗ್ಲಿಷಿನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. ಅಧ್ಯಾಯ ವಚನಗಳ ಅಂಕಿಗಳು ಎಲ್ಲ ಭಾಷೆಗಳಿಗೂ ಹೆಚ್ಚುಕಡಿಮೆ ಒಂದೇ. ಹೊಸ ಒಡಂಬಡಿಕೆಯ ವಚನಗಳಿಗೆ ಇಂದಿನ ಅಂಕಿಗಳನ್ನು ೧೫೫೧ರಲ್ಲಿ ಹಾಕಿದವನು ರೊಬೇರ್ ಎಸ್ತಿಯೆನ್ ಎಂಬ ಮುದ್ರಣಕಾರ. ಭಾಷೆಯಿಂದ ಭಾಷೆಗೆ ದಾಟುವ ಓದುಗರೆಲ್ಲರೂ ಅವನಿಗೆ ಋಣಿಗಳು.

ಇನ್ನು ಈ ನಾಲ್ಕು ಪುಸ್ತಕಗಳಿಗೂ ಸಮಾನವಾದ ಒಂದು ಕೊರತೆಯನ್ನು ಹೇಳಬೇಕು. ಇವೆಲ್ಲ ಅಮೆರಿಕದ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಜೊತೆ ಕುಳಿತು ಊಟ ಮಾಡುತ್ತಿದ್ದವನು, ಯಾಕೋಬನ ಕಡೆಯವರು ಬಂದೊಡನೆ ಎದ್ದು ಬೇರೆಯಾದ. ಪೌಲ ಅವನನ್ನು ಎಲ್ಲರೆದುರಿಗೆ ಮುಖಾಮುಖಿ ಖಂಡಿಸಿದ. ಜೊತೆಯಲ್ಲಿ ಕುಳಿತು ಉಣ್ಣುವುದು ಅಷ್ಟು ದೊಡ್ಡ ವಿಷಯವೇಕೆಂದು ಆ ದೇಶದ ವಿದ್ಯಾರ್ಥಿಗೆ ಪುಟಗಟ್ಟಲೆ ವಿವರಿಸಬೇಕು. ಪಂಕ್ತಿಭೇದವನ್ನು ಕಣ್ಣಾರೆ ಕಂಡ ನಮಗೆ ಒಂದು ಸಾಲು ಸಾಕು. ಪೇತ್ರ ಎಲೆಯ ಮುಂದಿನಿಂದ ಏಳುವುದೇ ಕಾಣುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂಬ ಚರ್ಚೆಯೂ ಹಾಗೆಯೇ. ನೆರೆಮನೆಯ ಪ್ರಸಾದವನ್ನು ಏನು ಮಾಡಬೇಕೆಂದು ಯೋಚಿಸಿರುವ ನಮ್ಮ ಕ್ರೈಸ್ತ ಕುಟುಂಬಗಳಿಗೆ ಅದು ಹತ್ತೊಂಬತ್ತು ಶತಮಾನಗಳ ಹಿಂದಿನ ಮಾತಲ್ಲ. ಶ್ರೀಲಂಕಾದ ವಿದ್ವಾಂಸ ಸುಗೀರ್ತರಾಜ ೧೯೯೧ರಲ್ಲಿ ಸಂಪಾದಿಸಿದ, ಅಂಚಿನಲ್ಲಿರುವವರ ಬೈಬಲ್ ಓದುಗಳ ಸಂಕಲನ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಪ್ರವೇಶಿಕೆಯ ಬದಲಿಗಲ್ಲ, ಅದರ ಜೊತೆಗೆ ಓದಬೇಕಾದದ್ದು.

ಬೆಲೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಇವು ದುಬಾರಿ ಪುಸ್ತಕಗಳು. ಎರ್ಮನ್ನರದಕ್ಕೆ ಮೇಲಿಂದ ಮೇಲೆ ಹೊಸ ಆವೃತ್ತಿಗಳು ಬಂದಿವೆ. ಹೊಸದೇ ಬೇಕೆಂಬ ಹಟ ಬೇಡ, ಮೊದಲ ಓದಿಗೆ ಹಳೆಯದೂ ಸಾಕು. ಬ್ರೌನರ ಎಂಟುನೂರಕ್ಕೂ ಮೀರಿದ ಪುಟಗಳಿಗೆ ಹೆದರುವವರಿಗೆ ೨೦೧೬ರಲ್ಲಿ ಸಂಕ್ಷಿಪ್ತ ರೂಪ ಬಂದಿದೆ. ನನಗೆ ಮಾತ್ರ ಉದ್ದದ್ದೇ ಇಷ್ಟ. ಸಂಕ್ಷೇಪಿಸುವಾಗ ಮೊದಲು ಉದುರುವುದು ಬ್ರೌನರ ಹಿಂಜರಿಕೆಗಳು, ಅವುಗಳಲ್ಲಿಯೇ ಅವರ ರುಚಿಯಿರುವುದು.

ಹುಡುಗನಿಗೆ ಕೊನೆಗೆ ಕೊಟ್ಟದ್ದು ಬ್ರೌನರನ್ನು. ಆದರೆ ಅದಕ್ಕೆ ಮೊದಲು ಒಂದು ಸಂಜೆ ಅವರ ಮನೆಯಲ್ಲಿ ಮಾರ್ಕನ ಹದಿನಾರು ಅಧ್ಯಾಯಗಳನ್ನೂ ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಎರಡು ಗಂಟೆಯೂ ಹಿಡಿಯಲಿಲ್ಲ. ಎಂಟನೆಯ ವಚನಕ್ಕೆ ಬಂದಾಗ ಓದುವ ಸರದಿ ಹುಡುಗನದು. ಅವನು ಅಲ್ಲಿಗೆ ನಿಲ್ಲಿಸಿ ತಂದೆಯ ಮುಖ ನೋಡಿದ. ಸಭಾಪಾಲಕರು, "ಮುಂದಕ್ಕೂ ಓದಪ್ಪ, ಅದನ್ನೂ ಯಾರೋ ಪ್ರೀತಿಯಿಂದಲೇ ಬರೆದಿದ್ದಾರೆ" ಎಂದರು.

ಎರ್ಮನ್ನರ ಪುಸ್ತಕವನ್ನು ಆರು ತಿಂಗಳ ಮೇಲೆ ಅವನೇ ಬಂದು ಮತ್ತೆ ಕೇಳಿ ತೆಗೆದುಕೊಂಡು ಹೋದ. ಈಗ ಅವನು ಬೇರೆ ಊರಿನಲ್ಲಿ ಅಧ್ಯಾಪಕ. ಕಳೆದ ವರ್ಷ ಕಾಗದ ಬರೆದು, ಹಳೆಯ ಒಡಂಬಡಿಕೆಗೆ ಯಾವ ಪ್ರವೇಶಿಕೆ ಆಗಬಹುದೆಂದು ಕೇಳಿದ್ದ. ಆದಿಕಾಂಡದ ಮೊದಲನೆಯ ಅಧ್ಯಾಯವನ್ನೂ ಎರಡನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಸೃಷ್ಟಿಯ ಎರಡು ಕಥನಗಳಲ್ಲಿ ಕಂಡ ವ್ಯತ್ಯಾಸಗಳನ್ನು ಬರೆದು ಕಳಿಸು, ಪುಸ್ತಕದ ಮಾತು ಆಮೇಲೆ, ಎಂದು ಉತ್ತರಿಸಿದೆ. ಹನ್ನೊಂದನ್ನು ಬರೆದು ಕಳಿಸಿದ. ನನಗೆ ಒಂಬತ್ತೇ ಕಂಡಿದ್ದವು.